ನಾಚಬೇಕಾದುದು ಯಾವುದಕ್ಕೆ?

(ಕೈಗಾ ಸಮೀಪದ ಮಲ್ಲಾಪುರದಲ್ಲಿ ಸ್ವಯಂಸೇವಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉಡುಪಿ ಬಳಿಯ ರವಿ ಕಟಪಾಡಿಯವರ ಹೆಸರನ್ನು ನೀವು ಕೇಳಿರಬಹುದು. ಅವರು ಕಟ್ಟಡ ಕೆಲಸದ ಕೂಲಿಕಾರ್ಮಿಕ. 2014ರ ಸುಮಾರಿಗೆ ಅವರು ಅಷ್ಟಮಿಯ ದಿನಗಳಲ್ಲಿ ವಿಚಿತ್ರ ವೇಷ ಧರಿಸಿ ಬೀದಿಗಿಳಿಯತೊಡಗಿದರು. ವೇಷ ಹಾಕಿ ಹಣ ಕೇಳುವುದು ಕರಾವಳಿಗೆ ಹೊಸದಲ್ಲ. ಹೊಸದಾಗಿದ್ದುದು ಆ ಹಣ ಸೇರಿದ ಜಾಗ. ಹೀಗೆ ಕೂಡಿದ ಲಕ್ಷಾಂತರ ರೂಪಾಯಿ ಬಡ ಮಕ್ಕಳ ಚಿಕಿತ್ಸೆಗೆ ಸಂದಿತು.

ಆ ಹಬ್ಬ ನಮ್ಮದಲ್ಲ, ವೇಷವೂ ನಮ್ಮ ರೂಢಿಯಲ್ಲ. ಆದರೆ ಅವರು ಮಾಡಿದ್ದೇನೆಂದು ಯೋಚಿಸಿರಿ. ಮಗುವಿನ ತಾಯಿ ಬೀದಿಯಲ್ಲಿ ಸೆರಗೊಡ್ಡಬೇಕಿದ್ದ ಸಂಕೋಚವನ್ನು ತಮ್ಮ ಮೈಮೇಲೆ ಹೊತ್ತುಕೊಂಡರು. ಜನ ನಕ್ಕಿದ್ದರೆ ಆ ನಗುವೂ ಅವರ ಪಾಲಿಗೇ. ಕಿತ್ತಳೆ ಮಾರುತ್ತಿದ್ದ ನಮ್ಮ ಹರೇಕಳ ಹಾಜಬ್ಬರೂ ಪರರ ಮಕ್ಕಳ ಶಾಲೆಗಾಗಿ ಮನೆಬಾಗಿಲುಗಳನ್ನು ತಟ್ಟಿದವರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಗುವ ಮೊದಲು ಎಷ್ಟು ಬಾಗಿಲುಗಳು ಅವರನ್ನು ಗೌರವದಿಂದ ಕಂಡಿದ್ದವು?

ಇನ್ನು ನಮ್ಮ ಕಡೆ ನೋಡೋಣ. 2019ರಲ್ಲಿಯೂ 2021ರಲ್ಲಿಯೂ ಕದ್ರಾ ಅಣೆಕಟ್ಟಿನ ಗೇಟುಗಳನ್ನು ತೆರೆದಾಗ ಕಾಳಿಯ ನೀರು ಈ ದಂಡೆಯ ಮನೆಗಳಿಗೆ ನುಗ್ಗಿತು. ಜಾತಿ ಧರ್ಮ ನೋಡದೆ ನೀರಿಗಿಳಿದವರಿಗೆ ಅಲ್ಲಾಹನು ಪ್ರತಿಫಲ ನೀಡಲಿ. ಆದರೆ ಇಂತಹ ನೆರೆ ಇಳಿದ ಮೇಲೆ ಎಲ್ಲೆಡೆ ನಡೆಯುವುದೇನು? ಒಂದು ಅಕ್ಕಿ ಕಿಟ್‌ಗೆ ಹತ್ತು ಕೈಗಳು, ನಡುವೆ ತಲೆ ತಗ್ಗಿಸಿ ನಿಂತ ವಿಧವೆ, ಎದುರಿಗೆ ಕ್ಯಾಮರಾ. ಅಂತಹ ಚಿತ್ರವನ್ನು ಪತ್ರಿಕೆಗೆ ಕಳಿಸಿದವರಲ್ಲಿ ನಾನೂ ಒಬ್ಬ. ಅಂದು ನನಗೆ ನಾಚಿಕೆಯಾಗಲಿಲ್ಲ.

ನಾಚಿಕೆಯಾದದ್ದು ಬೇರೊಂದು ಕಡೆ. ನಮ್ಮ ಕೇರಿಯ ತಾಯಿಯೊಬ್ಬರಿಗೆ ಸ್ತನದಲ್ಲಿ ಗಂಟಾಗಿತ್ತು. ಆಕೆ ತಿಂಗಳುಗಟ್ಟಲೆ ಮುಚ್ಚಿಟ್ಟರು. ಕೊನೆಗೆ ನೆರವಿನ ಮನವಿ ಬರೆಯುವಾಗ ಆಕೆಯ ಹೆಸರು, ಗಂಡನ ಹೆಸರು, ಮನೆಯ ವಿಳಾಸ ಎಲ್ಲವನ್ನೂ ಬರೆದೆವು. ಕಾಯಿಲೆಯ ಹೆಸರಿನ ಜಾಗದಲ್ಲಿ ಮಾತ್ರ 'ಅನಾರೋಗ್ಯ' ಎಂದು ಬರೆದೆವು. ಅದು ಸಭ್ಯತೆಯೆಂದು ತಿಳಿದೆವು. ಮುಚ್ಚಬೇಕಾದುದನ್ನು ತೆರೆದು, ತೆರೆಯಬೇಕಾದುದನ್ನು ಮುಚ್ಚಿದ್ದೆವು. ತುರ್ತು ಯಾರಿಗೂ ಅರ್ಥವಾಗಲಿಲ್ಲ. ಹಣ ಕೂಡುವಾಗ ತಡವಾಗಿತ್ತು.

ಲಜ್ಜೆ ವಿಶ್ವಾಸದ ಒಂದು ಅಂಗವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅದೇ ಮದೀನಾದ ಅನ್ಸಾರ್ ಮಹಿಳೆಯರು ತಮ್ಮ ದೇಹದ ಕುರಿತ ಪ್ರಶ್ನೆಗಳನ್ನು ಅವರಲ್ಲಿ ಕೇಳಿ ತಿಳಿದುಕೊಳ್ಳುತ್ತಿದ್ದರು. ಲಜ್ಜೆಯು ಅವರ ಕಲಿಕೆಗೆ ಅಡ್ಡಿಯಾಗಲಿಲ್ಲವೆಂದು ಹಝ್ರತ್ ಆಯಿಶಾ(ರ) ಅವರನ್ನು ಪ್ರಶಂಸಿಸಿದರು. ಪ್ರಾಣ ಉಳಿಸುವ ಮಾತನ್ನು ತಡೆಯುವುದು ಲಜ್ಜೆಯಲ್ಲ, ಅದು ಅಜ್ಞಾನದ ಪರದೆ.

ಹಾಗೆಂದು ಎಲ್ಲ ದಾರಿಯೂ ದಾರಿಯಲ್ಲ. 1999ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನ ನಡುವಯಸ್ಸಿನ ಮಹಿಳೆಯರು, ಗೆಳತಿಯ ಪತಿ ಕ್ಯಾನ್ಸರ್‌ನಿಂದ ತೀರಿಕೊಂಡ ಬಳಿಕ, ರಕ್ತ ಕ್ಯಾನ್ಸರ್ ಸಂಶೋಧನೆಗಾಗಿ ನಗ್ನಚಿತ್ರಗಳ ಕ್ಯಾಲೆಂಡರ್ ಮಾಡಿ ದೊಡ್ಡ ಮೊತ್ತ ಕೂಡಿಸಿದರು. ಆ ಮಾರ್ಗವನ್ನು ನಾವು ಒಪ್ಪಲಾರೆವು. ಆದರೆ ಅವರನ್ನು ಹಳಿದ ಮಾತ್ರಕ್ಕೆ ನಮ್ಮ ರೋಗಿಯ ಬಿಲ್ ಪಾವತಿಯಾಗುವುದಿಲ್ಲ. ಅವರಷ್ಟೇ ತೀವ್ರವಾಗಿ ದುಃಖಿಸಿ, ನಮ್ಮ ಮರ್ಯಾದೆಯೊಳಗೆ ನಾವೇನು ಮಾಡಿದೆವು? ಪ್ರಶ್ನೆ ಅದು.

ಆಳುವವರಿಗೂ ಒಂದು ಪ್ರಶ್ನೆಯಿದೆ. ಈ ಜಿಲ್ಲೆ ಸೀಬರ್ಡ್‌ಗೆ ಊರುಗಳನ್ನು ಕೊಟ್ಟಿತು, ಕಾಳಿಯನ್ನು ಅಣೆಕಟ್ಟುಗಳಿಗೆ ಕೊಟ್ಟಿತು, ಕೈಗಾದ ನಾಲ್ಕು ಘಟಕಗಳ 880 ಮೆಗಾವ್ಯಾಟ್ ಸ್ಥಾವರಕ್ಕೆ ಕಾಡನ್ನು ಕೊಟ್ಟಿತು. ಪ್ರತಿಯಾಗಿ ಒಂದು ಸುಸಜ್ಜಿತ ಆಸ್ಪತ್ರೆಗಾಗಿ ವರ್ಷಗಟ್ಟಲೆ ಕೂಗಬೇಕಾಯಿತು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಉರುಳಿ ನಾಲ್ವರು ಅಸುನೀಗಿದರು. ಆಸ್ಪತ್ರೆ ಕೇಳುವುದು ನಮ್ಮ ಹಕ್ಕು. ಅದು ಬರುವವರೆಗೆ ರೋಗಿಯ ಜೊತೆ ನಿಲ್ಲುವುದು ನಮ್ಮ ಹೊಣೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಮನವಿಯಲ್ಲಿ ಕಾಯಿಲೆಯ ಹೆಸರು ಹೇಳಿರಿ, ಕಾಯಿಲೆಯವರ ಹೆಸರು ಮುಚ್ಚಿರಿ. ಪಡೆಯುವವರ ಚಿತ್ರ ತೆಗೆಯಬೇಡಿರಿ, ಲೆಕ್ಕಪತ್ರವನ್ನು ಮಾತ್ರ ಮಸೀದಿಯ ಗೋಡೆಗೆ ಅಂಟಿಸಿರಿ. ಮಹಿಳೆಯರ ಕಾಯಿಲೆಗಳ ಬಗ್ಗೆ ಮಹಿಳಾ ವೈದ್ಯರನ್ನು ಕರೆಸಿ ಮಾತಾಡಿಸಿರಿ. ಬಿರಿಯಾನಿ ಮಾರಿಯೋ, ಹಳೇ ಪತ್ರಿಕೆ ಕೂಡಿಸಿಯೋ, ನೆರೆಯವರ ಕಾರು ತೊಳೆದೋ ಹಣ ಎತ್ತಿರಿ. ಯಾರಾದರೂ ನಕ್ಕರೆ ನಗಲಿ. ಆ ನಗುವನ್ನು ನಾವು ಸಹಿಸಿಕೊಂಡರೆ, ಒಬ್ಬ ತಾಯಿ ತಲೆ ತಗ್ಗಿಸುವುದು ತಪ್ಪುತ್ತದೆ.