ಮೊಬೈಲ್‌ಗೆ ಹೆಡ್‌ಫೋನ್ ಆ್ಯಂಪ್ ಬೇಕಾ? ದುಡ್ಡು ಹಾಕೋ ಮುಂಚೆ ಇದನ್ನ ಕೇಳಿ

ಈ ವಾರದ ಕಂತಿಗೆ ಕಾರಣ ಒಂದು ವಾಟ್ಸ್‌ಆ್ಯಪ್ ಮೆಸೇಜ್. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದ್ತಿರೋ ಒಬ್ಬ ಕೇಳುಗ ಕಳಿಸಿದ್ದು. ಅವನ ಮಾತಲ್ಲೇ ಓದ್ತೀನಿ: "ಅಣ್ಣಾರ, ನನ್ ಕಡೆ ಹದಿನೈದು ನೂರ ರೂಪಾಯಿದು ವೈರಿಂದು ಇಯರ್‌ಫೋನ್ ಐತ್ರಿ. ಆ್ಯಂಪ್ ಇಲ್ಲಂದ್ರ ಅದರ ಖರೇ ಸೌಂಡ್ ಬರಂಗಿಲ್ಲ ಅಂತ ವಿಡಿಯೊದಾಗ ಹೇಳ್ಯಾರ. ಐದು ಸಾವಿರದ್ದು ಒಂದು ನೋಡೇನಿ. ಈ ತಿಂಗಳ ಮೆಸ್ ರೊಕ್ಕ ಅದಕ್ಕ ಹಾಕಲೇನ್ರಿ?"

ಬೇಡ ಮಾರಾಯ. ಮೆಸ್ ದುಡ್ಡು ಮೆಸ್ಸಿಗೇ ಕಟ್ಟು.

ಅವನಿಗೆ ಉತ್ತರ ಇಷ್ಟೇ. ಆದರೆ ಅದೇ ವಾರ ಮೈಸೂರಿನಿಂದ ಇನ್ನೊಬ್ಬರು ಬರೆದಿದ್ರು. ಮನೆಯಲ್ಲೇ ಕೂತು ಆಡಿಯೊ ಎಡಿಟಿಂಗ್ ಕೆಲಸ ಮಾಡೋ ಹುಡುಗಿ. ಒಂದು ಸ್ಟುಡಿಯೊದವರು ಹಳೇ ಸಾಮಾನು ಮಾರುವಾಗ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಹೆಡ್‌ಫೋನ್ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದಾರೆ, 250 ಓಮ್‌ದು. ಮೊಬೈಲ್‌ಗೆ ಸಿಕ್ಕಿಸಿದ್ರೆ ಪಿಸುಮಾತಿನ ಥರ ಕೇಳತ್ತೆ ಅಂತಾರೆ. ಅವರಿಗೆ ನನ್ನ ಉತ್ತರ: ಹೌದು, ತಗೊಳ್ಳಿ, ಆದರೆ ಐದು ಸಾವಿರದ್ದು ಬೇಡ. ಇಬ್ಬರಿಗೂ ಯಾಕೆ ಬೇರೆ ಬೇರೆ ಉತ್ತರ ಅನ್ನೋದೇ ಇವತ್ತಿನ ವಿಷಯ.

ಮೊದಲು ಈ ಡಬ್ಬಿ ಏನು ಮಾಡತ್ತೆ ನೋಡೋಣ. ಫೋನಿನೊಳಗೆ ಹಾಡು ಬರೀ ಅಂಕಿಗಳಾಗಿ ಇರುತ್ತೆ. ಅದನ್ನ ವಿದ್ಯುತ್ತಿನ ಅಲೆಯಾಗಿ ಬದಲಾಯಿಸೋದು ಡ್ಯಾಕ್. ಆ ಸಣ್ಣ ಅಲೆಗೆ ಹೆಡ್‌ಫೋನಿನ ಪರದೆಯನ್ನ ಅಲುಗಿಸುವಷ್ಟು ಬಲ ಕೊಡೋದು ಆ್ಯಂಪ್. ಹಳೇ ಫೋನ್‌ಗಳಲ್ಲಿ 3.5 ಎಂಎಂ ಜ್ಯಾಕ್ ಹಿಂದೆ ಇವೆರಡೂ ಕೂತಿರ್ತಿದ್ವು. 2016ರಲ್ಲಿ ಐಫೋನ್ 7 ಜ್ಯಾಕ್ ತೆಗೆದು ಹಾಕ್ತು, 2017ರಲ್ಲಿ ಗೂಗಲ್ ಪಿಕ್ಸೆಲ್ 2, 2019ರಲ್ಲಿ ಸ್ಯಾಮ್‌ಸಂಗ್ ನೋಟ್ 10. ಆಮೇಲೆ ಬಹಳಷ್ಟು ಕಂಪನಿಗಳು ಅದೇ ದಾರಿ ಹಿಡಿದ್ವು. ಹಾಗಾಗಿ ಡ್ಯಾಕ್ ಮತ್ತು ಆ್ಯಂಪ್ ಎರಡೂ ಈಗ ಬೆರಳುದ್ದದ ಡಾಂಗಲ್ ಒಳಗೆ ಸೇರ್ಕೊಂಡಿವೆ. ಬಿಡಿಯಾಗಿ, ತನ್ನದೇ ಬ್ಯಾಟರಿ ಇರೋ ಆ್ಯಂಪ್‌ಗಳು ಇನ್ನೂ ಸಿಗ್ತವೆ. ಆದರೆ ಅದನ್ನ ಹಾಕೋಕೆ ಫೋನಲ್ಲಿ ಜ್ಯಾಕ್ ಇರಬೇಕು, ಇಲ್ಲ ಅಂದ್ರೆ ಮಧ್ಯೆ ಒಂದು ಡಾಂಗಲ್ ಬೇಕೇ ಬೇಕು. ಡಾಂಗಲ್ ಬೇಕೇ ಬೇಕು ಅಂದ್ಮೇಲೆ ಆ್ಯಂಪ್ ಅದರಲ್ಲೇ ಇದೆ, ಮತ್ತೆ ಇದ್ಯಾಕೆ?

ಇನ್ನು ನಿಮ್ಮದು ಬ್ಲೂಟೂತ್ ಇಯರ್‌ಬಡ್ಸ್ ಆಗಿದ್ರೆ ಈ ಚರ್ಚೆನೇ ನಿಮಗೆ ಬೇಡ. ಅದರ ಡ್ಯಾಕೂ ಆ್ಯಂಪೂ ನಿಮ್ಮ ಕಿವಿಯೊಳಗೇ ಕೂತಿದೆ. ಹೊರಗಿನಿಂದ ಏನು ತಂದರೂ ಅದಕ್ಕೆ ತಲುಪಲ್ಲ.

ಈಗ ಲೆಕ್ಕ. ಭಯ ಪಡಬೇಡಿ, ಪಿಯುಸಿ ಫಿಸಿಕ್ಸ್ ಅಷ್ಟೇ. ಹೆಡ್‌ಫೋನ್ ಬಾಕ್ಸ್ ಮೇಲೆ ಎರಡು ಅಂಕಿ ಇರ್ತವೆ. ಒಂದು ಇಂಪಿಡೆನ್ಸ್, ಓಮ್‌ನಲ್ಲಿ. ಇನ್ನೊಂದು ಸೆನ್ಸಿಟಿವಿಟಿ, ಅಂದ್ರೆ ಒಂದು ಮಿಲಿವ್ಯಾಟ್ ಕೊಟ್ಟರೆ ಎಷ್ಟು ಡೆಸಿಬೆಲ್ ಸದ್ದು ಬರತ್ತೆ ಅನ್ನೋದು. ಡಾಂಗಲ್ ಕಡೆಯಿಂದ ಬೇಕಿರೋದು ಒಂದೇ ಅಂಕಿ, ಅದು ಎಷ್ಟು ವೋಲ್ಟ್ ಕೊಡತ್ತೆ ಅಂತ. ವೋಲ್ಟ್ ಅನ್ನು ವೋಲ್ಟ್‌ನಿಂದಲೇ ಗುಣಿಸಿ, ಓಮ್‌ನಿಂದ ಭಾಗಿಸಿದ್ರೆ ಪವರ್ ಸಿಗತ್ತೆ.

ನಮ್ಮ ಹುಬ್ಬಳ್ಳಿ ಹುಡುಗನ ಇಯರ್‌ಫೋನ್ 32 ಓಮ್, ಸೆನ್ಸಿಟಿವಿಟಿ 108 ಡೆಸಿಬೆಲ್. ಒಂದು ವೋಲ್ಟ್ ಕೊಡೋ ಸಾದಾ ಡಾಂಗಲ್ ಹಾಕಿದ್ರೆ 31 ಮಿಲಿವ್ಯಾಟ್ ಸಿಗತ್ತೆ. ಪವರ್ ಹತ್ತು ಪಟ್ಟಾದ್ರೆ 10 ಡೆಸಿಬೆಲ್ ಏರತ್ತೆ, 31 ಪಟ್ಟಿಗೆ ಹತ್ತಿರಹತ್ತಿರ 15. ಅಲ್ಲಿಗೆ 123 ಡೆಸಿಬೆಲ್. ಅದು ಕಿವಿ ನೋಯುವ ಮಟ್ಟ. ಅಂದ್ರೆ ಅವನ ಹತ್ರ ಇರೋ ಸಾಮಾನೇ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಬಲ ಕೊಡ್ತಿದೆ. ಐದು ಸಾವಿರದ ಆ್ಯಂಪ್ ಬಂದು ಅಲ್ಲಿ ಮಾಡೋಕೆ ಕೆಲಸವೇ ಇಲ್ಲ. ಉಲ್ಟಾ ತೊಂದರೆನೂ ಆಗಬಹುದು. ಇಂಥ ಸೂಕ್ಷ್ಮ ಇಯರ್‌ಫೋನ್‌ಗೆ ಬಲವಾದ ಆ್ಯಂಪ್ ಹಾಕಿದ್ರೆ ಹಾಡು ನಿಂತಾಗ ಹಿಂದೆ 'ಸ್ಸ್' ಅಂತ ಸದ್ದು ಕೇಳಿಸಬಹುದು. ಆಮೇಲೆ ಫೋನಿನ ವಾಲ್ಯೂಮ್ ಒಂದೇ ಗೆರೆ ಏರಿಸಿದ್ರೂ ಜೋರು, ಇಳಿಸಿದ್ರೆ ಪೂರ್ತಿ ಮ್ಯೂಟ್.

ಮೈಸೂರಿನವರ ಲೆಕ್ಕ ಮಾಡಿ. 250 ಓಮ್, 96 ಡೆಸಿಬೆಲ್. ಅರ್ಧ ವೋಲ್ಟ್ ಕೊಡೋ ಡಾಂಗಲ್ ಆದ್ರೆ ಬರೀ ಒಂದು ಮಿಲಿವ್ಯಾಟ್, 96 ಡೆಸಿಬೆಲ್. ಒಂದು ವೋಲ್ಟ್ ಆದ್ರೆ 4 ಮಿಲಿವ್ಯಾಟ್, 102. ಎರಡು ವೋಲ್ಟ್ ಆದ್ರೆ 16 ಮಿಲಿವ್ಯಾಟ್, 108. "96 ಅಂದ್ರೂ ಜೋರೇ ಅಲ್ವಾ" ಅಂತ ಕೇಳಬಹುದು. ಇದು ರೆಕಾರ್ಡಿಂಗ್‌ನಲ್ಲಿ ಅತಿ ಜೋರಾದ ಕ್ಷಣದ ಲೆಕ್ಕ, ನೆನಪಿರಲಿ. ಈಗಿನ ಸಿನಿಮಾ ಹಾಡುಗಳನ್ನ ಪೂರ್ತಿ ಒತ್ತಿ ಒತ್ತಿ ಜೋರು ಮಾಡಿರ್ತಾರೆ, ಅಲ್ಲಿ ತೊಂದರೆ ಗೊತ್ತಾಗಲ್ಲ. ಆದರೆ ಯಕ್ಷಗಾನದ ರೆಕಾರ್ಡಿಂಗ್ ತಗೊಳ್ಳಿ. ಚಂಡೆಯ ಒಂದು ಪೆಟ್ಟಿಗೆ ಜಾಗ ಬಿಡಬೇಕು ಅಂತ ಭಾಗವತರ ದನಿಯನ್ನ ಎಷ್ಟೋ ಕೆಳಗೆ ಇಟ್ಟಿರ್ತಾರೆ, 15-20 ಡೆಸಿಬೆಲ್ ಕೆಳಗಿದ್ರೂ ಆಶ್ಚರ್ಯ ಇಲ್ಲ. ಆಗ ಆ ದನಿ ಕಿವಿಗೆ ಬರೋದು 76ಕ್ಕೋ 80ಕ್ಕೋ, ಅದೂ ವಾಲ್ಯೂಮ್ ಪೂರ್ತಿ ಏರಿಸಿದ ಮೇಲೆ. ಎಡಿಟಿಂಗ್ ಮಾಡೋರಿಗೆ ಉಸಿರಿನ ಸದ್ದು, ಬಟ್ಟೆ ಸವರಿದ ಸದ್ದು ಎಲ್ಲ ಕೇಳಬೇಕು. ಹಾಗಾಗಿ ಅವರಿಗೆ ಎರಡು ವೋಲ್ಟ್‌ನ ಡಾಂಗಲ್ ನಿಜಕ್ಕೂ ಬೇಕು. ಅದು ಅವರ ಹೊಟ್ಟೆಪಾಡಿನ ಪ್ರಶ್ನೆ.

ಒಂದು ಎಚ್ಚರಿಕೆ. ಕೆಲವು ಕಂಪನಿಗಳು ಸೆನ್ಸಿಟಿವಿಟಿಯನ್ನ ಮಿಲಿವ್ಯಾಟ್‌ಗೆ ಇಷ್ಟು ಅಂತ ಹೇಳ್ತವೆ, ಕೆಲವು ವೋಲ್ಟ್‌ಗೆ ಇಷ್ಟು ಅಂತ. 32 ಓಮ್ ಇಯರ್‌ಫೋನ್‌ನಲ್ಲಿ ಎರಡಕ್ಕೂ 15 ಡೆಸಿಬೆಲ್ ವ್ಯತ್ಯಾಸ ಬರುತ್ತೆ. ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಅಂತ ನೋಡದೆ ಎರಡು ಬಾಕ್ಸ್ ಹೋಲಿಸಬೇಡಿ. ಇನ್ನೊಂದು, ಓಮ್ ಕಮ್ಮಿ ಇದ್ರೆ ಸುಲಭ ಅಂತಲೂ ಇಲ್ಲ. ಹೈಫೈಮನ್ ಎಚ್‌ಇ400ಎಸ್‌ಇ 32 ಓಮ್‌ದೇ, ಆದರೆ ಸೆನ್ಸಿಟಿವಿಟಿ ಬರೀ 91. ಅದಕ್ಕೂ ಸ್ವಲ್ಪ ಗಟ್ಟಿ ಡಾಂಗಲ್ ಬೇಕಾಗತ್ತೆ.

ಈಗ ಅಂಗಡಿಗೆ ಬರೋಣ. ಎಸ್‌ಪಿ ರೋಡಲ್ಲಿ ನೂರು ನೂರೈವತ್ತಕ್ಕೆ ಟೈಪ್-ಸಿ ಟು ಜ್ಯಾಕ್ ಕನ್ವರ್ಟರ್ ರಾಶಿ ಹಾಕಿರ್ತಾರೆ. ಅದರಲ್ಲಿ ಬಹಳಷ್ಟರ ಒಳಗೆ ಚಿಪ್ಪೇ ಇರಲ್ಲ, ಬರೀ ವೈರ್. ಟೈಪ್-ಸಿ ಪೋರ್ಟ್‌ನಿಂದಲೇ ಅನಲಾಗ್ ಸದ್ದು ಕಳಿಸೋ ಫೋನ್‌ಗಳಲ್ಲಿ ಮಾತ್ರ ಅದು ಕೆಲಸ ಮಾಡತ್ತೆ, ಉಳಿದ ಫೋನ್‌ಗಳಲ್ಲಿ ಗಪ್‌ಚುಪ್. "ಎಲ್ಲಾ ಫೋನ್‌ಗೂ ಆಗತ್ತೆ ಸಾರ್" ಅಂತ ಅಂಗಡಿಯವರು ಹೇಳ್ತಾರೆ, ಪಾಪ ಅವರಿಗೂ ಗೊತ್ತಿರಲ್ಲ. ಬಾಕ್ಸ್ ಮೇಲೆ ಡ್ಯಾಕ್ ಅಂತ ಬರೆದಿದೆಯಾ ನೋಡಿ, ನಿಮ್ಮ ಫೋನ್‌ಗೆ ಅಲ್ಲೇ ಸಿಕ್ಕಿಸಿ ಕೇಳಿ, ಆಮೇಲೆ ದುಡ್ಡು ಕೊಡಿ.

ಸಾವಿರ ರೂಪಾಯಿ ಆಸುಪಾಸಲ್ಲಿ ಆ್ಯಪಲ್‌ನ ಟೈಪ್-ಸಿ ಅಡಾಪ್ಟರ್ ಇದೆ. ನೋಡೋಕೆ ಏನೂ ಇಲ್ಲ, ಬಿಳಿ ದಾರದ ತುಂಡಿನ ಥರ ಇರತ್ತೆ, ಆದರೆ ಸದ್ದು ಬಹಳ ಶುದ್ಧ. ಒಂದು ವೋಲ್ಟ್ ಕೊಡತ್ತೆ. ಯುರೋಪಿಗೆ ಮಾಡಿದ ಮಾಡೆಲ್ ಮಾತ್ರ ಅರ್ಧ ವೋಲ್ಟ್. ವಿದೇಶದಲ್ಲಿರೋ ನೆಂಟರ ಕೈಲಿ ತರಿಸೋರು ಅದನ್ನ ಗಮನಿಸಿ. ಐಫೋನ್ 15 ಅಥವಾ ಆಮೇಲಿನದು ಇದ್ರೆ ಕಣ್ಣು ಮುಚ್ಚಿ ತಗೊಳ್ಳಿ. ಆಂಡ್ರಾಯ್ಡ್‌ನವರು ಅವಸರ ಮಾಡಬೇಡಿ. ಆ ಅಡಾಪ್ಟರ್‌ನೊಳಗೇ ಒಂದು ವಾಲ್ಯೂಮ್ ಇದೆ, ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳು ಅದನ್ನ ಪೂರ್ತಿ ಏರಿಸಲ್ಲ. ಹಾಗಾಗಿ ಅದೇ ಸಾಮಾನು ಐಫೋನ್‌ನಲ್ಲಿ ಜೋರು, ಆಂಡ್ರಾಯ್ಡ್‌ನಲ್ಲಿ ಸಪ್ಪೆ. ಆಂಡ್ರಾಯ್ಡ್‌ಗೆ ಅದೇ ರೇಂಜಲ್ಲಿ ಜೆಕಾಲಿ ಥರದ ಡಾಂಗಲ್‌ಗಳು ಸಿಗ್ತವೆ. ಅದಕ್ಕೂ ಮೇಲೆ, ಎರಡು ವೋಲ್ಟ್ ಬೇಕು ಅನ್ನೋರು ಫಿಯೊ, ಮೂನ್‌ಡ್ರಾಪ್ ಇಂಥವರ ಸಣ್ಣ ಮಾಡೆಲ್‌ಗಳನ್ನ ನೋಡಬಹುದು. ಫೋನ್ ಜತೆ ಬಳಸೋಕೆ ಅದಕ್ಕಿಂತ ಮೇಲಿನದಕ್ಕೆ ನನ್ನ ಪ್ರಕಾರ ದುಡ್ಡು ಹಾಕೋ ಅಗತ್ಯ ಇಲ್ಲ. 32 ಬಿಟ್, 768 ಕಿಲೊಹರ್ಟ್ಸ್ ಅಂತ ಬಾಕ್ಸ್ ಮೇಲೆ ದೊಡ್ಡದಾಗಿ ಹಾಕಿರ್ತಾರೆ. ನಮ್ಮ ಕಿವಿ 20 ಕಿಲೊಹರ್ಟ್ಸ್‌ಗೆ ನಿಲ್ಲತ್ತೆ, ಅದೂ ಚಿಕ್ಕ ವಯಸ್ಸಲ್ಲಿ. 4.4 ಎಂಎಂ ಬ್ಯಾಲೆನ್ಸ್ಡ್ ಜ್ಯಾಕ್ ಸಾಮಾನ್ಯವಾಗಿ ವೋಲ್ಟೇಜ್ ದುಪ್ಪಟ್ಟು ಮಾಡತ್ತೆ. ಇರೋದೇ ಜಾಸ್ತಿ ಅನ್ನೋರಿಗೆ ದುಪ್ಪಟ್ಟು ಯಾಕೆ?

ಕಮ್ಮಿ ಬೆಲೆಯಲ್ಲಿ ಒಳ್ಳೇ ಆ್ಯಂಪ್ ಸಾಧ್ಯ ಅನ್ನೋ ಮಾತಿನ ಹಿಂದೆ ಒಂದು ಮಜವಾದ ಕಥೆ ಇದೆ. 2011ರಲ್ಲಿ 'ಎನ್‌ಡಬ್ಲ್ಯುಎವಿಗೈ' ಅನ್ನೋ ಅಡ್ಡಹೆಸರಲ್ಲಿ ಬರೀತಿದ್ದ ಒಬ್ಬ ಇಂಜಿನಿಯರ್, ದುಬಾರಿ ಆ್ಯಂಪ್‌ಗಳನ್ನ ಮೀಟರ್ ಇಟ್ಟು ಅಳೆದು, ಎಷ್ಟೋ ಬರೀ ಬೊಗಳೆ ಅಂತ ತೋರಿಸಿದ. ಆಮೇಲೆ 'ಓ2' ಅಂತ ತನ್ನದೇ ಆ್ಯಂಪ್ ಮಾಡಿ, ಅದರ ಸರ್ಕ್ಯೂಟನ್ನ ಯಾರು ಬೇಕಾದರೂ ಮಾಡ್ಕೊಳ್ಳಿ ಅಂತ ಪುಕ್ಕಟೆ ಕೊಟ್ಟುಬಿಟ್ಟ. ಎರಡು 9 ವೋಲ್ಟ್ ಬ್ಯಾಟರಿ ಮೇಲೆ ನಡೆಯೋ ಪುಟ್ಟ ಡಬ್ಬಿ. 2012ರಲ್ಲಿ ಆ ಮನುಷ್ಯ ಬರೆಯೋದನ್ನೇ ನಿಲ್ಲಿಸಿ ಮಾಯ ಆದ. ಅದಕ್ಕೂ ಮುಂಚೆ ಸಿಮಾಯ್ ಅನ್ನೋ ಆ್ಯಂಪ್ ಇತ್ತು, ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಹುಡುಗರು ಕೂತು ಕಟ್ಟಿಕೊಳ್ತಿದ್ದದ್ದು. ಒಂದು ಆಪ್-ಆ್ಯಂಪ್ ಚಿಪ್, ಒಂದಿಷ್ಟು ರೆಸಿಸ್ಟರು, ಕೆಪಾಸಿಟರು, ಒಂದು 9 ವೋಲ್ಟ್ ಬ್ಯಾಟರಿ. ಹುಬ್ಬಳ್ಳಿ ತಮ್ಮಾ, ನಿನಗೆ ಆ್ಯಂಪ್ ಹುಚ್ಚು ಬಿಡದಿದ್ರೆ ಇದನ್ನ ಲ್ಯಾಬಲ್ಲಿ ಕಟ್ಟು. ಸೌಂಡ್ ಬದಲಾಗದಿದ್ರೂ ವೈವಾದಲ್ಲಿ ಉಪಯೋಗಕ್ಕೆ ಬರತ್ತೆ.

ಈಗ ಸ್ವಲ್ಪ ಗಂಭೀರವಾದ ಮಾತು. ನನ್ನ ಚಿಕ್ಕಮ್ಮನ ಮಗ ದಿನಾ ಮೆಜೆಸ್ಟಿಕ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ಬಸ್ಸಲ್ಲಿ ಹೋಗ್ತಾನೆ. "ಸೌಂಡೇ ಸಾಲ್ತಿಲ್ಲ ಕಣೋ, ಒಂದು ಆ್ಯಂಪ್ ಹೇಳು" ಅಂದ. ಇಯರ್‌ಫೋನ್ ಕೈಗೆ ತಗೊಂಡು ನೋಡಿದೆ. ಬಲಗಡೆ ಜಾಲರಿ ತುಂಬ ಗುಗ್ಗೆ. ರಬ್ಬರ್ ಟಿಪ್ ಅವನ ಕಿವಿಗೆ ಸಡಿಲ, ಬಸ್ಸಿನ ಇಂಜಿನ್ ಸದ್ದು ಪೂರ್ತಿ ಒಳಗೆ ಬರ್ತಿತ್ತು, ಬೇಸ್ ಹೊರಗೆ ಸೋರ್ತಿತ್ತು. ಜಾಲರಿ ಒರೆಸಿ, ಬಾಕ್ಸಲ್ಲೇ ಇದ್ದ ಒಂದು ಸೈಜ್ ದೊಡ್ಡ ಟಿಪ್ ಹಾಕಿಕೊಟ್ಟೆ. ವಾಲ್ಯೂಮ್ ಮೂರು ಗೆರೆ ಕೆಳಗೆ ಬಂತು. ಖರ್ಚು ಸೊನ್ನೆ. ಆದರೆ ಇನ್ನೊಂದು ವಿಷಯ ಹೊರಗೆ ಬಂತು. ರಾತ್ರಿ ಮಲಗಿದಾಗ ಕಿವಿಯಲ್ಲಿ 'ಕುಂಯ್' ಅನ್ನತ್ತೆ, ತಿಂಗಳಿಂದ ಹಾಗೇ ಇದೆ ಅಂದ. ಅವನನ್ನ ಇಎನ್‌ಟಿ ಡಾಕ್ಟರ್ ಹತ್ರ ಕಳಿಸಿದೆ, ಆ್ಯಂಪ್ ಅಂಗಡಿಗಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿದ್ರೆ ಬರೀ 4 ಗಂಟೆ. ದಿನಾ ಎರಡು ಗಂಟೆ ಬಸ್ಸಲ್ಲಿ ಕೂರೋನಿಗೆ ಆ 4 ಗಂಟೆ ಮಂಗಳವಾರಕ್ಕೇ ಮುಗಿದುಹೋಗತ್ತೆ. ಮೊದಲು ಸಾಕಾಗ್ತಿದ್ದ ಸೌಂಡ್ ಈಗ ಸಾಲ್ತಿಲ್ಲ ಅನ್ನಿಸ್ತಿದ್ರೆ, ಮೊದಲು ಜಾಲರಿ ನೋಡಿ, ಟಿಪ್ ನೋಡಿ, ಫೋನಿನ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್ ಲಿಮಿಟ್ ಇದೆಯಾ ನೋಡಿ. ಎಲ್ಲ ಸರಿ ಇದ್ದೂ ಸಾಲದಿದ್ರೆ ಕಿವಿ ತೋರಿಸಿ.

"ನನಗೆ ಜೋರು ಬೇಡ, ಕ್ಲಾರಿಟಿ ಬೇಕು" ಅನ್ನೋರಿಗೂ ಒಂದು ಮಾತು. ಒಂದೆರಡು ಡೆಸಿಬೆಲ್ ಜೋರಾಗಿದ್ರೆ ಸಾಕು, ಕಿವಿಗೆ ಅದೇ ಚೆನ್ನಾಗಿದೆ ಅನ್ನಿಸಿಬಿಡತ್ತೆ. ಅಂಗಡಿಯಲ್ಲಿ ಆ್ಯಂಪ್ ಹಾಕಿ ತೋರಿಸಿದಾಗ "ಆಹಾ" ಅನ್ನಿಸೋದು ಬಹಳ ಸಲ ಇದಕ್ಕೇ. ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಗೆಳೆಯನಿಗೆ ಹೇಳಿ ಯಾವುದು ಅಂತ ಗೊತ್ತಾಗದ ಹಾಗೆ ಬದಲಾಯಿಸಿ ಕೇಳಿ. ದನಿಯ ಬಣ್ಣ ಬದಲಾಗಬೇಕು ಅಂದ್ರೆ ಈಕ್ವಲೈಜರ್ ಮುಟ್ಟಿ. ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್ ಆ್ಯಪ್ ಇದೆ, ನಿಮ್ಮ ಇಯರ್‌ಫೋನ್ ಹೆಸರು ಆರಿಸಿದ್ರೆ ತಾನೇ ಸರಿಪಡಿಸತ್ತೆ. ನಾನು ಕೇಳಿದ ಮಟ್ಟಿಗೆ ಅದು ಮಾಡೋ ಬದಲಾವಣೆಯ ಮುಂದೆ ಡಾಂಗಲ್ ಡಾಂಗಲ್ ನಡುವಿನ ವ್ಯತ್ಯಾಸ ಏನೂ ಅಲ್ಲ.

ತಗೊಳ್ಳೋದೇ ಅಂತ ಆದ್ರೆ ಇನ್ನು ಕೆಲವು ಸಣ್ಣಪುಟ್ಟ ವಿಷಯ. ಕೆಲವು ಡಾಂಗಲ್‌ಗಳಲ್ಲಿ ಮೈಕ್ ಕೆಲಸ ಮಾಡಲ್ಲ. ಕಾಲ್, ಮೀಟಿಂಗ್, ಗೇಮ್ ಇರೋರು ಮೊದಲೇ ಕೇಳಿಕೊಳ್ಳಿ. ಕೆಲವು ಕಂಪನಿಗಳ ಫೋನ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಒಟಿಜಿ ಆನ್ ಮಾಡಬೇಕು, ಸ್ವಲ್ಪ ಹೊತ್ತು ಬಳಸದಿದ್ರೆ ತಾನಾಗೇ ಆಫ್ ಆಗತ್ತೆ. ಡಾಂಗಲ್ ಕೆಟ್ಟಿದೆ ಅಂತ ವಾಪಸ್ ಕೊಡೋರಲ್ಲಿ ಎಷ್ಟೋ ಜನರದ್ದು ಇದೇ ಕಥೆ. ಡಾಂಗಲ್ ಹಾಕಿದಾಗ ಚಾರ್ಜ್ ಮಾಡೋಕೆ ಆಗಲ್ಲ, ಬ್ಯಾಟರಿನೂ ಬೇಗ ಇಳಿಯತ್ತೆ. ಪೋರ್ಟಿಗೆ ನೇರವಾಗಿ ಚುಚ್ಚೋ ಗಟ್ಟಿ ಡಾಂಗಲ್‌ಗಿಂತ ಸಣ್ಣ ವೈರ್ ಇರೋದು ಒಳ್ಳೇದು. ಜೇಬಲ್ಲಿ ಬಗ್ಗಿ ಪೋರ್ಟ್ ಹಾಳಾದ್ರೆ ಅದರ ರಿಪೇರಿ ಡಾಂಗಲ್‌ಗಿಂತ ದುಬಾರಿ.

ಮೈಸೂರಿನವರಿಗೆ ಕೊನೆಯದಾಗಿ ಒಂದು. ನಿಮ್ಮ ಎರಡು ವೋಲ್ಟ್ ಡಾಂಗಲ್ ಬಂದ ದಿನ, ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ, ಹೆಡ್‌ಫೋನ್ ಮೇಜಿನ ಮೇಲಿಟ್ಟು ಪ್ಲೇ ಮಾಡಿ, ಆಮೇಲೆ ತಲೆಗೆ ಹಾಕ್ಕೊಂಡು ನಿಧಾನಕ್ಕೆ ಏರಿಸಿ. ಅದೇ ಡಾಂಗಲ್‌ಗೆ ಬೇರೆ ಯಾರಾದ್ರೂ ತಮ್ಮ ಸಾದಾ ಇಯರ್‌ಫೋನ್ ಸಿಕ್ಕಿಸೋಕೆ ಬಂದ್ರೆ, ಅವರಿಗೂ ಇದನ್ನ ಮೊದಲೇ ಹೇಳಿ.