ರೂಟ್ 66: ಎಲ್ಲಿ ನಿಲ್ಲಬೇಕು, ಯಾಕೆ ನಿಲ್ಲಬೇಕು?

ನಮ್ಮೂರುಗಳಿಂದ ಅಮೆರಿಕಕ್ಕೆ ಹೋದವರು ನ್ಯೂಯಾರ್ಕ್, ನಯಾಗರ, ಲಾಸ್ ವೇಗಸ್ ಅಂತ ವಿಮಾನದಲ್ಲೇ ಸುತ್ತಿ ವಾಪಸ್ ಬರ್ತಾರೆ. ನಡುವೆ ಇರೋ ದೇಶ ಮೋಡದ ಕೆಳಗೇ ಉಳಿದುಬಿಡುತ್ತೆ. ಅದನ್ನ ನೋಡಬೇಕು ಅಂದ್ರೆ ಕಾರಿನಲ್ಲೇ ಹೋಗಬೇಕು. ಇವತ್ತು ಅದಕ್ಕೊಂದು ದಾರಿ ಹೇಳ್ತೀನಿ: ರೂಟ್ 66.

1926ರ ನವೆಂಬರ್‌ನಲ್ಲಿ ಹುಟ್ಟಿದ ಹೆದ್ದಾರಿ ಇದು. ಶಿಕಾಗೊದಿಂದ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾವರೆಗೆ ಎಂಟು ರಾಜ್ಯ, ಸುಮಾರು 3,900 ಕಿಲೋಮೀಟರ್. 1930ರ ದಶಕದ ಬರ ಮತ್ತು ದೂಳಿನ ಬಿರುಗಾಳಿಗೆ ಹೊಲ ಕಳೆದುಕೊಂಡ ಒಕ್ಲಹೋಮಾದ ರೈತರು ಹಾಸಿಗೆ, ಪಾತ್ರೆ ಕಟ್ಟಿಕೊಂಡು ಕೂಲಿ ಹುಡುಕಿ ಗುಳೆ ಹೋಗಿದ್ದು ಇದೇ ರಸ್ತೆಯಲ್ಲಿ. ಆಮೇಲೆ ದೊಡ್ಡ ಇಂಟರ್‌ಸ್ಟೇಟ್ ಹೆದ್ದಾರಿಗಳು ಬಂದವು. 1985ರಲ್ಲಿ ರೂಟ್ 66ನ್ನು ಅಧಿಕೃತ ಪಟ್ಟಿಯಿಂದಲೇ ತೆಗೆದುಹಾಕಲಾಯಿತು. ಹಾಗಾಗಿ ಮೊಬೈಲ್ ಮ್ಯಾಪ್ ನಿಮ್ಮನ್ನ ಸದಾ ಹೊಸ ಹೆದ್ದಾರಿಗೇ ಎಳೆಯುತ್ತೆ. ಹಳೇ ದಾರಿ ಬೇಕು ಅಂದ್ರೆ ರಸ್ತೆ ಬದಿಯ ‘ಹಿಸ್ಟಾರಿಕ್ ರೂಟ್ 66’ ಫಲಕಗಳನ್ನು ನೋಡ್ಕೊಂಡು ಹೋಗಬೇಕು.

ಎಲ್ಲಾ ಕಡೆ ನಿಲ್ಲೋಕೆ ಆಗಲ್ಲ. ನನ್ನ ಪಟ್ಟಿ ಹೀಗಿದೆ.

ಮೊದಲನೆಯದು ಶಿಕಾಗೊ. ಆರಂಭದ ಫಲಕ ಇರೋದು ಆಡಮ್ಸ್ ಸ್ಟ್ರೀಟ್‌ನಲ್ಲಿ. ಅದರ ಹತ್ತಿರವೇ ಆರ್ಟ್ ಇನ್‌ಸ್ಟಿಟ್ಯೂಟ್ ಇದೆ. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ್ದು ಈ ಕಟ್ಟಡದಲ್ಲೇ. ಅದಕ್ಕೆ ಹಿಂದಿನ ವರ್ಷ ಅವರು ಮೈಸೂರಿನಲ್ಲಿ ಹತ್ತನೇ ಚಾಮರಾಜ ಒಡೆಯರ ಅತಿಥಿಯಾಗಿದ್ದರು. ಪ್ರವಾಸ ಶುರುಮಾಡೋಕೆ ನಮಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಮುಂದೆ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಲಿಂಕನ್ ಅವರ ಮನೆ ಮತ್ತು ಸಮಾಧಿ, ಸೇಂಟ್ ಲೂಯಿಯಲ್ಲಿ 192 ಮೀಟರ್ ಎತ್ತರದ ಗೇಟ್‌ವೇ ಆರ್ಚ್. ಇವೆರಡಕ್ಕೂ ಅರ್ಧರ್ಧ ದಿನ ಸಾಕು.

ಒಕ್ಲಹೋಮಾದ ಟಲ್ಸಾದಲ್ಲಿ ಮಾತ್ರ ಅವಸರ ಮಾಡಬೇಡಿ. ಇಲ್ಲಿನ ಗ್ರೀನ್‌ವುಡ್ ಕಪ್ಪು ವರ್ಣೀಯರ ಸಮೃದ್ಧ ಬಡಾವಣೆಯಾಗಿತ್ತು. ಅಂಗಡಿ, ಸಿನಿಮಾ ಮಂದಿರ, ಪತ್ರಿಕೆ ಎಲ್ಲ ಅವರದ್ದೇ. 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ಅದನ್ನು ಸುಟ್ಟುಹಾಕಿತು. ಮೂವತ್ತಕ್ಕೂ ಹೆಚ್ಚು ಬ್ಲಾಕ್‌ಗಳು ಬೂದಿಯಾದವು. ಸತ್ತವರು 300ರವರೆಗೂ ಇರಬಹುದು ಅಂತಾರೆ ಇತಿಹಾಸಕಾರರು. ದಶಕಗಳ ಕಾಲ ಇದರ ಬಗ್ಗೆ ಯಾರೂ ಬಾಯಿಬಿಡಲಿಲ್ಲ. ಈಗ ‘ಗ್ರೀನ್‌ವುಡ್ ರೈಸಿಂಗ್’ ಎಂಬ ವಸ್ತುಸಂಗ್ರಹಾಲಯ ಈ ಕಥೆ ಹೇಳುತ್ತೆ.

ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ರೂಟ್ 66 ಅಂದ ಕೂಡಲೇ ನಿಯಾನ್ ದೀಪ, ಹಳೇ ಕಾರು, ಸ್ವಾತಂತ್ರ್ಯ ಅಂತೆಲ್ಲ ಪೋಸ್ಟರ್ ನೋಡ್ತೀವಲ್ಲ, ಆ ಸ್ವಾತಂತ್ರ್ಯ ಎಲ್ಲರಿಗೂ ಇರಲಿಲ್ಲ. ಈ ದಾರಿಯ ಎಷ್ಟೋ ಊರುಗಳಲ್ಲಿ ಕಪ್ಪು ವರ್ಣೀಯರಿಗೆ ರೂಮು ಕೊಡ್ತಿರಲಿಲ್ಲ, ಊಟ ಹಾಕ್ತಿರಲಿಲ್ಲ. ಅದಕ್ಕೇ ನ್ಯೂಯಾರ್ಕಿನ ವಿಕ್ಟರ್ ಗ್ರೀನ್ ಎಂಬ ಅಂಚೆಯಣ್ಣ 1936ರಿಂದ ‘ಗ್ರೀನ್ ಬುಕ್’ ಅಂತ ಕೈಪಿಡಿ ತಂದ. ಎಲ್ಲಿ ಮಲಗಬಹುದು, ಎಲ್ಲಿ ಉಣ್ಣಬಹುದು ಅನ್ನೋ ಪಟ್ಟಿ ಅದು. ನಮಗೆ ಊಟದ ಜಾಗದ ಪಟ್ಟಿ ರುಚಿಯ ಪ್ರಶ್ನೆ. ಅವರಿಗದು ಪ್ರಾಣದ ಪ್ರಶ್ನೆ.

ಅಲ್ಲಿಂದ ಮುಂದೆ ಒಕ್ಲಹೋಮಾ ಸಿಟಿ. 1995ರ ಏಪ್ರಿಲ್ 19ರ ಬಾಂಬ್ ಸ್ಫೋಟದಲ್ಲಿ ತೀರಿಕೊಂಡ 168 ಮಂದಿಗೆ 168 ಖಾಲಿ ಕುರ್ಚಿಗಳ ಸ್ಮಾರಕ. ಅದರಲ್ಲಿ 19 ಕುರ್ಚಿ ಚಿಕ್ಕವು, ಅವು ಮಕ್ಕಳದ್ದು. ಸಂಜೆ ದೀಪ ಹೊತ್ತಿಕೊಂಡ ಮೇಲೆ ಹೋಗಿ.

ಟೆಕ್ಸಸ್‌ನ ಅಮರಿಲೊ ಬಳಿ ‘ಕ್ಯಾಡಿಲಾಕ್ ರಾಂಚ್’ ಇದೆ. ಹತ್ತು ಕಾರುಗಳನ್ನ ಮೂತಿ ಕೆಳಗೆ ಮಾಡಿ ಹೊಲದಲ್ಲಿ ಹೂತಿದ್ದಾರೆ, 1974ರಿಂದ. ಯಾರು ಬೇಕಾದ್ರೂ ಬಣ್ಣ ಹೊಡೀಬಹುದು. ಮಕ್ಕಳಿದ್ರೆ ಖುಷಿಪಡ್ತಾರೆ, ದೊಡ್ಡವರಿಗೆ ಅರ್ಧ ಗಂಟೆ ಸಾಕು.

ಅರಿಜೋನಾದಲ್ಲಿ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನ. ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದಿನ ಮರಗಳು ಬಣ್ಣಬಣ್ಣದ ಕಲ್ಲಾಗಿ ಬಿದ್ದಿವೆ. ಒಂದು ಚೂರೂ ಜೇಬಿಗೆ ಹಾಕೋ ಹಾಗಿಲ್ಲ, ಅದು ಅಪರಾಧ. ಇನ್ನು ಗ್ರ್ಯಾಂಡ್ ಕ್ಯಾನ್ಯನ್ ರೂಟ್ 66ರ ಮೇಲಿಲ್ಲ. ವಿಲಿಯಮ್ಸ್ ಊರಿನಿಂದ ಉತ್ತರಕ್ಕೆ ನೂರು ಕಿಲೋಮೀಟರ್ ಹತ್ತಿರ ಹೋಗಬೇಕು. ಒಂದು ರಾತ್ರಿ ಅಲ್ಲೇ ಉಳೀರಿ. ಹಗಲು ಮಧ್ಯಾಹ್ನ ಆ ಕಣಿವೆ ಬರೀ ದೊಡ್ಡದು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗಲೇ ಅದರ ಆಳ ಕಣ್ಣಿಗೆ ಕಾಣೋದು.

ಕೊನೆಯದಾಗಿ ನನಗೆ ತುಂಬಾ ಇಷ್ಟವಾದ ಊರು, ಸೆಲಿಗ್ಮನ್. 1978ರ ಸೆಪ್ಟೆಂಬರ್‌ನಲ್ಲಿ ಪಕ್ಕದಲ್ಲೇ ಹೊಸ ಹೆದ್ದಾರಿ ತೆರೆಯಿತು. ಒಂದೇ ದಿನದಲ್ಲಿ ಊರಿನೊಳಗೆ ಬರೋ ಕಾರು ನಿಂತುಹೋಯ್ತು. ನಮ್ಮ ಬೆಂಗಳೂರು–ಮೈಸೂರು ಹೊಸ ರಸ್ತೆ ಬಂದಾಗ ಚನ್ನಪಟ್ಟಣದ ಗೊಂಬೆ ಅಂಗಡಿಯವರು, ಮದ್ದೂರಿನ ಹೋಟೆಲಿನವರು ಪಟ್ಟ ಕಷ್ಟ ನೆನಪಿಸಿಕೊಳ್ಳಿ. ಸೆಲಿಗ್ಮನ್‌ನಲ್ಲಿ ಏಂಜೆಲ್ ಡೆಲ್ಗಾಡಿಯೊ ಎಂಬ ಕ್ಷೌರಿಕರು ಸುಮ್ಮನೆ ಕೂರಲಿಲ್ಲ. 1987ರಲ್ಲಿ ಅಕ್ಕಪಕ್ಕದ ಊರಿನವರನ್ನ ಸೇರಿಸಿ ಸಂಘ ಕಟ್ಟಿದರು. ಹಳೇ ರಸ್ತೆಗೆ ಐತಿಹಾಸಿಕ ಮಾನ್ಯತೆ ಕೊಡಿ ಅಂತ ರಾಜ್ಯ ಸರ್ಕಾರದ ಬೆನ್ನುಬಿದ್ದು ಗೆದ್ದರು. ಉಳಿದ ರಾಜ್ಯಗಳೂ ಅದೇ ದಾರಿ ಹಿಡಿದವು. ಪಿಕ್ಸಾರ್‌ನ ‘ಕಾರ್ಸ್’ ಸಿನಿಮಾ ಮಾಡಿದವರು ಕಥೆ ಹುಡುಕಿಕೊಂಡು ಬಂದಿದ್ದು ಇವರ ಹತ್ತಿರವೇ. ಸೆಲಿಗ್ಮನ್‌ನಿಂದ ಕಿಂಗ್ಮನ್ ಕಡೆಗೆ ಹೋಗುವ ರಸ್ತೆ, ರೂಟ್ 66ರಲ್ಲಿ ತುಂಡಾಗದೆ ಉಳಿದ ಅತಿ ಉದ್ದದ ಭಾಗ. ದಯವಿಟ್ಟು ಅಲ್ಲಿ ಹೊಸ ಹೆದ್ದಾರಿ ಬಿಟ್ಟು ಇದರಲ್ಲಿ ಹೋಗಿ. ಕಾಫಿ ಕುಡೀರಿ, ಏನಾದ್ರೂ ಕೊಂಡ್ಕೊಳ್ಳಿ. ಆ ಊರುಗಳು ಬದುಕಿರೋದು ನಿಲ್ಲುವವರಿಂದ.

ಕೆಲವು ಕಿವಿಮಾತು. ದಿನಕ್ಕೆ 300 ಕಿಲೋಮೀಟರ್‌ ಅಂತ ಇಟ್ಕೊಂಡ್ರೆ ಎರಡು ವಾರ ಬೇಕು. ಅಷ್ಟು ರಜೆ ಇಲ್ವಾ? ಆಲ್ಬುಕರ್ಕಿಯಿಂದ ಪಶ್ಚಿಮಕ್ಕೆ ಒಂದು ವಾರ ಮಾಡಿ. ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಬೇರೆ ಊರಲ್ಲಿ ಕಾರು ಬಿಟ್ರೆ ಸಾಮಾನ್ಯವಾಗಿ ಹೆಚ್ಚುವರಿ ದುಡ್ಡು ಕೇಳ್ತಾರೆ, ಮೊದಲೇ ವಿಚಾರಿಸಿ. ಮೊಹಾವಿ ಮರುಭೂಮಿಯಲ್ಲಿ ಬೇಸಿಗೆ ಬಿಸಿಲು 40 ಡಿಗ್ರಿ ದಾಟುತ್ತೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೇದು. ಅರ್ಧ ಟ್ಯಾಂಕ್ ಆಗ್ತಿದ್ದ ಹಾಗೆ ಪೆಟ್ರೋಲ್ ತುಂಬಿಸಿ, ಕಾರಲ್ಲಿ ನೀರಿರಲಿ. ಸಸ್ಯಾಹಾರಿಗಳು ಹೆದರಬೇಡಿ: ಇಂಟರ್‌ಸ್ಟೇಟ್ 40ರ ಕೆಲವು ಟ್ರಕ್ ನಿಲ್ದಾಣಗಳಲ್ಲಿ ಪಂಜಾಬಿ ಢಾಬಾಗಳಿವೆ. ಬಿಸಿ ಪರೋಟ, ದಾಲ್ ಸಿಗುತ್ತೆ.

ನೀವು ಈ ದಾರಿಯಲ್ಲಿ ಹೋಗಿದ್ರೆ ಎಲ್ಲಿ ನಿಂತಿರಿ, ನಮಗೆ ಬರೆದು ತಿಳಿಸಿ.