ಸಾಲದ ಲೆಕ್ಕ ಸಾಲಗಾರನ ಮುಂದಿರಲಿ

(ಹುಣಸಮಾರನಹಳ್ಳಿಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ವಿದೇಶಿ ಸಾಲವೆಂಬುದು ದೆಹಲಿಯ ಅರ್ಥಸಚಿವರ ತಲೆನೋವು, ಅದಕ್ಕೂ ನಮಗೂ ಏನು ಸಂಬಂಧ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಈ ಊರಿನ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದತ್ತ ಸಾಲಾಗಿ ನಿಂತಿರುವ ಮೆಟ್ರೋ ಕಂಬಗಳನ್ನು ನೋಡಿರಿ. ಸಿಲ್ಕ್ ಬೋರ್ಡ್‌ನಿಂದ ಹೆಬ್ಬಾಳದ ಮೂಲಕ ಸಾಗುವ ಸುಮಾರು 58 ಕಿಲೋಮೀಟರುಗಳ ಈ ಮಾರ್ಗಕ್ಕಾಗಿ 2021ರಲ್ಲಿ ಜಪಾನಿನ ಜೈಕಾ ಸಂಸ್ಥೆಯೊಂದಿಗೆ ಸುಮಾರು 5,200 ಕೋಟಿ ಯೆನ್, ಏಷ್ಯನ್ ಅಭಿವೃದ್ಧಿ ಬ್ಯಾಂಕಿನೊಂದಿಗೆ 50 ಕೋಟಿ ಡಾಲರ್ ಸಾಲದ ಒಪ್ಪಂದಗಳಾದವು. ವಿದೇಶಿ ಸಾಲ ನಮ್ಮ ಮನೆಬಾಗಿಲಲ್ಲೇ ಇದೆ.

ಮೊದಲು ದೇಶದ ಸ್ಥಿತಿಯನ್ನು ಗಮನಿಸೋಣ. 2025ರ ಮಾರ್ಚ್ ಅಂತ್ಯಕ್ಕೆ ಭಾರತದ ವಿದೇಶಿ ಸಾಲ 73,630 ಕೋಟಿ ಡಾಲರ್. ಅಂದರೆ ಒಟ್ಟು ಆಂತರಿಕ ಉತ್ಪನ್ನದ ಶೇ. 19.1. ಇದರಲ್ಲಿ ಸರಕಾರದ ಪಾಲು ನಾಲ್ಕನೇ ಒಂದಕ್ಕಿಂತ ಕಡಿಮೆ. ಹೆಚ್ಚಿನದು ಕಂಪೆನಿಗಳು ಮತ್ತು ಬ್ಯಾಂಕುಗಳದ್ದು. ಗಲ್ಫ್‌ನಲ್ಲಿ ಬೆವರು ಸುರಿಸುವ ನಮ್ಮ ಸಹೋದರರು ಇಲ್ಲಿನ ಬ್ಯಾಂಕುಗಳಲ್ಲಿರಿಸುವ ಅನಿವಾಸಿ ಠೇವಣಿಯೂ ಈ ಲೆಕ್ಕಕ್ಕೇ ಸೇರುತ್ತದೆ.

ಈ ಮೊತ್ತ ಕಂಡು ಗಾಬರಿಯಾಗಬೇಕಿಲ್ಲ. 1991ರಲ್ಲಿ ಸಾಲ 8,380 ಕೋಟಿ ಡಾಲರ್ ಮಾತ್ರವಿತ್ತು. ಆದರೂ ರಿಸರ್ವ್ ಬ್ಯಾಂಕ್ 47 ಟನ್ ಚಿನ್ನವನ್ನು ಅಡವಿಡಬೇಕಾಯಿತು. ಏಕೆಂದರೆ 1990-91ರಲ್ಲಿ ವಿದೇಶಿ ಗಳಿಕೆಯ ಪ್ರತಿ ನೂರರಲ್ಲಿ 35 ಅಸಲು, ಬಡ್ಡಿಗೇ ಹೋಗುತ್ತಿತ್ತು. 2024-25ರಲ್ಲಿ ಅದು 6.6ಕ್ಕೆ ಇಳಿದಿದೆ. ಸಾಲದ ಗಾತ್ರಕ್ಕಿಂತ ಅದನ್ನು ತೀರಿಸುವ ಸಾಮರ್ಥ್ಯ ಮುಖ್ಯವೆಂಬುದಕ್ಕೆ ಇದೇ ಸಾಕ್ಷಿ.

ಆದರೆ ನಿಶ್ಚಿಂತೆಯೂ ಸಲ್ಲದು. ನೆರೆಯ ಶ್ರೀಲಂಕಾವು ಚೀನಾದ ಸಾಲದಿಂದ ಮತ್ತಲದಲ್ಲಿ ವಿಮಾನ ನಿಲ್ದಾಣ ಕಟ್ಟಿ 2013ರಲ್ಲಿ ಉದ್ಘಾಟಿಸಿತು. ವಿಮಾನಗಳೇ ಬರಲಿಲ್ಲ, ಕಂತು ಮಾತ್ರ ತಪ್ಪಲಿಲ್ಲ. ಇಂತಹ ಯೋಜನೆಗಳ ಜೊತೆಗೆ ದುಬಾರಿ ಬಾಂಡ್‌ಗಳು, 2019ರ ತೆರಿಗೆ ಕಡಿತ, ನೆಲಕಚ್ಚಿದ ಪ್ರವಾಸೋದ್ಯಮ ಇವೆಲ್ಲ ಸೇರಿ 2022ರ ಏಪ್ರಿಲ್‌ನಲ್ಲಿ ಆ ದೇಶ ವಿದೇಶಿ ಸಾಲದ ಮರುಪಾವತಿಯನ್ನೇ ನಿಲ್ಲಿಸಿತು. ಔಷಧಕ್ಕೂ ಇಂಧನಕ್ಕೂ ಸರದಿಯಲ್ಲಿ ನಿಂತವರು ಸಾಲಕ್ಕೆ ಸಹಿ ಹಾಕಿದವರಲ್ಲ, ಬಡವರು.

ನಮ್ಮ ಮೆಟ್ರೋ ಮತ್ತಲವಲ್ಲ. ಅದಕ್ಕೆ ಪ್ರಯಾಣಿಕರಿದ್ದಾರೆ. ಆದರೆ ಡಾಲರ್ ಸಾಲಕ್ಕೆ ಸಹಿ ಬಿದ್ದಾಗ ಒಂದು ಡಾಲರಿಗೆ ಸುಮಾರು 74 ರೂಪಾಯಿ ಇತ್ತು. 2025ರ ಮಾರ್ಚ್ ಅಂತ್ಯಕ್ಕೆ 85 ದಾಟಿತ್ತು. ಟಿಕೆಟ್ ಸಂಗ್ರಹವಾಗುವುದು ರೂಪಾಯಿಯಲ್ಲಿ, ಸಾಲ ತೀರಬೇಕಾದುದು ಡಾಲರ್ ಮತ್ತು ಯೆನ್‌ಗಳಲ್ಲಿ. ಈ ಅಂತರವನ್ನು ಯಾರು ಭರಿಸಬೇಕು? 2025ರ ಫೆಬ್ರವರಿ 9ರಂದು ನಮ್ಮ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ದಿನಗೂಲಿಯ ಕೆಲಸಗಾರ, ಅಂಗಡಿಯ ಸಹಾಯಕಿ, ಕಾಲೇಜು ವಿದ್ಯಾರ್ಥಿ ಇವರನ್ನು ರೈಲಿನಿಂದ ಕೆಳಗಿಳಿಸುವ ದರದಿಂದ ಸಾಲ ತೀರಿಸುವುದು ಅಭಿವೃದ್ಧಿಯೆನಿಸದು.

ಸಹೋದರರೇ, ಪವಿತ್ರ ಕುರ್‌ಆನ್‌ನ ಅತಿ ದೀರ್ಘ ಸೂಕ್ತ ನಮಾಝಿನ ಕುರಿತಾದುದಲ್ಲ, ಉಪವಾಸದ ಕುರಿತಾದುದೂ ಅಲ್ಲ. ಅಲ್ ಬಕರಃ ಅಧ್ಯಾಯದ 282ನೆಯ ಆ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿದೆ. ಅವಧಿ ನಿಗದಿಯಾಗಬೇಕು, ಸಾಕ್ಷಿಗಳಿರಬೇಕು, ಎಲ್ಲಕ್ಕಿಂತ ಮಿಗಿಲಾಗಿ ಬರಹವನ್ನು ಹೇಳಿ ಬರೆಸಬೇಕಾದವನು ಸಾಲಗಾರನೇ. ತನ್ನ ಹೆಗಲೇರುವ ಭಾರ ಎಷ್ಟೆಂದು ಅವನು ತಿಳಿದಿರಬೇಕೆಂಬುದೇ ಇದರ ಆಶಯವೆಂದು ನಾವು ಭಾವಿಸುತ್ತೇವೆ. ಬಡ್ಡಿಯನ್ನು ನಿಷೇಧಿಸಿದ ಧರ್ಮ ಸಾಲಗಾರನನ್ನು ಕತ್ತಲಲ್ಲಿಡಲೂ ಒಪ್ಪಲಿಲ್ಲ.

ಈ ದೇಶದ ಸಾಲಗಾರರು ಪ್ರಜೆಗಳು. ಆದ್ದರಿಂದ ಪ್ರತಿಯೊಂದು ವಿದೇಶಿ ಸಾಲದ ಬಡ್ಡಿ, ಅವಧಿ, ವಿನಿಮಯದ ನಷ್ಟ ಮತ್ತು ಅದನ್ನು ಭರಿಸುವವರ ವಿವರವನ್ನು ಸರಳ ಕನ್ನಡದಲ್ಲಿ ಜನರ ಮುಂದಿಡಬೇಕೆಂದು ನಮ್ಮ ಶಾಸಕರನ್ನೂ ಸಂಸದರನ್ನೂ ಕೇಳೋಣ. ಮದುವೆಯ ಆಡಂಬರಕ್ಕಾಗಿ ಬಡ್ಡಿಗೆ ಹಣ ತರುವ ಮನೆಗಳಲ್ಲೂ ಇದೇ ಪ್ರಶ್ನೆ ಏಳಲಿ: ಇದನ್ನು ತೀರಿಸುವವರು ಯಾರು, ಅವರಿಗೆ ಇದು ತಿಳಿದಿದೆಯೇ?